ಹಳ್ಳದ ನೀರಿನ ಭಾರಲೋಹ ವರದಿ ಅನುಮಾನ ತಂದಾಗ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಕಲಬುರಗಿ, ಬೀದರ್ ಕಡೆಯ ಕಾಗಿಣಾ, ಬೆಣ್ಣೆತೊರಾ, ಮುಲ್ಲಾಮಾರಿ, ಮಾಂಜ್ರಾ, ಇಲ್ಲವೇ ಭೀಮೆಗೆ ಸೇರುವ ಯಾವುದೋ ಸಣ್ಣ ಹಳ್ಳ. ನೀರು ಹಿಡಿದು ಲ್ಯಾಬಿಗೆ ಕಳಿಸಿದ್ದೀರಿ, ವರದಿ ಕೈಗೆ ಬಂದಿದೆ. ಸೀಸ ಮಿತಿಗಿಂತ ನಾಲ್ಕು ಪಟ್ಟು ಅಂತಿದೆ. ಅಥವಾ ಎಲ್ಲ ಲೋಹಗಳ ಮುಂದೂ ‘ಬಿಡಿಎಲ್’ (ಯಂತ್ರಕ್ಕೆ ಕಾಣದಷ್ಟು ಕಡಿಮೆ) ಅಂತಿದೆ. ಅಥವಾ ಮೇಲಿನ ಊರಿನ ಹತ್ತಿರ ಜಾಸ್ತಿ, ಕಾರ್ಖಾನೆ ದಾಟಿದ ಮೇಲೆ ಕಡಿಮೆ. ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ, ಆದರೆ ಎಲ್ಲಿ ಅಂತ ಗೊತ್ತಾಗುವುದಿಲ್ಲ.

ಇಂಥ ಹೊತ್ತಲ್ಲಿ ಜನ ಮಾಡುವ ಮೊದಲ ಕೆಲಸ ಇನ್ನೊಂದು ಬಾಟಲಿ ನೀರು ಹಿಡಿದು ಕಳಿಸುವುದು. ಅದೇ ಥರದ ಬಾಟಲಿ, ಅದೇ ಸೇತುವೆ, ಅದೇ ಲ್ಯಾಬು. ತಪ್ಪು ಮೊದಲ ಸಲ ಎಲ್ಲಿ ಹೊಕ್ಕಿತ್ತೋ ಎರಡನೇ ಸಲವೂ ಅಲ್ಲೇ ಹೊಗುತ್ತದೆ. ಎರಡು ವರದಿಗಳು ಒಂದಕ್ಕೊಂದು ತಾಳೆಯಾಗುತ್ತವೆ, ಎರಡೂ ತಪ್ಪಾಗಿರುತ್ತವೆ. ನನ್ನ ಪ್ರಕಾರ ಮರುಪರೀಕ್ಷೆ ಕೊನೆಯ ಹೆಜ್ಜೆ. ಅದಕ್ಕೂ ಮುಂಚೆ ಅದೇ ವರದಿಯಲ್ಲಿರುವ ಬೇರೆ ಅಂಕಿಗಳನ್ನು ಓದಬೇಕು: ಪಿಎಚ್, ಕ್ಯಾಲ್ಸಿಯಂ, ಕ್ಲೋರೈಡ್, ಅಲ್ಯೂಮಿನಿಯಂ, ಬ್ಲ್ಯಾಂಕ್ (ಶುದ್ಧ ನೀರನ್ನೇ ಸ್ಯಾಂಪಲ್‌ನಂತೆ ಅಳೆದ ಅಂಕಿ). ಬಹಳಷ್ಟು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಹುಡುಕುತ್ತಾ ಹಿಂದಕ್ಕೆ ಹೋಗಬೇಕು. ಮೊದಲು ಕಾಗದ, ಆಮೇಲೆ ಬಾಟಲಿ, ಯಂತ್ರ, ದಂಡೆ, ನೆಲದ ಕಲ್ಲು. ಕಾರ್ಖಾನೆಯ ಹೆಸರು ಎತ್ತುವುದು ಇಷ್ಟೆಲ್ಲ ಮುಗಿದ ಮೇಲೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟಿಡಿಎಸ್ ಮೀಟರ್ ಅದ್ದಿ ‘ಲೋಹ ಇಲ್ಲ’ ಅನ್ನುವವರ ಮಾತು ಬಿಟ್ಟುಬಿಡಿ. ಆ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆದು ಒಟ್ಟು ಉಪ್ಪಿನ ಅಂದಾಜು ಕೊಡುತ್ತದೆ, ಅಷ್ಟೇ. 600 ಮಿ.ಗ್ರಾಂ ಉಪ್ಪಿನ ನಡುವೆ 0.05 ಮಿ.ಗ್ರಾಂ ಸೀಸ ಅದಕ್ಕೆ ಕಾಣುವುದೇ ಇಲ್ಲ.

ಕಾಗದದ ಮೇಲೆಯೇ ಸಿಗುವ ತಪ್ಪು

ಮೊದಲು ಅಳತೆಯ ಘಟಕ ನೋಡಿ. ಮಿಲಿಗ್ರಾಂಗೂ ಮೈಕ್ರೋಗ್ರಾಂಗೂ ಸಾವಿರ ಪಟ್ಟು ಅಂತರ. ಸೀಸದ ಮುಂದೆ 8 ಅಂತಿದ್ದು ಅದು ಲೀಟರಿಗೆ ಮೈಕ್ರೋಗ್ರಾಂ ಆದರೆ ಕುಡಿಯುವ ನೀರಿನ ಮಿತಿಯೊಳಗಿದೆ. ಮಿಲಿಗ್ರಾಂ ಆದರೆ ಮಿತಿಯ 800 ಪಟ್ಟು. ಪಿಎಚ್ 8ರ ಹತ್ತಿರ ಇರುವ ಗಡಸು ನೀರಿನಲ್ಲಿ ಅಷ್ಟು ಸೀಸ ಕರಗಿಕೊಂಡು ಇರುವುದೇ ಇಲ್ಲ, ಕಾರ್ಬೊನೇಟ್ ಆಗಿ ತಳಕ್ಕೆ ಕೂರುತ್ತದೆ. ಹಾಗಾಗಿ ಶಹಾಬಾದ್ ಕಡೆಯ ತಿಳಿ ನೀರಿಗೆ ಅಂಥ ಅಂಕಿ ಬಂದರೆ ಟೈಪ್ ಮಾಡಿದವರು ಘಟಕ ತಪ್ಪಿಸಿದ್ದಾರೆ ಅಂತಲೇ ಮೊದಲು ಅನುಮಾನಿಸಿ.

ಆಮೇಲೆ ಯಾವ ಮಿತಿಗೆ ಹೋಲಿಸಿದ್ದಾರೆ ನೋಡಿ. ಕುಡಿಯುವ ನೀರಿನ ಐಎಸ್ 10500:2012ರಲ್ಲಿ ಲೀಟರಿಗೆ ಸೀಸ 0.01, ಕ್ಯಾಡ್ಮಿಯಂ 0.003, ನಿಕೆಲ್ 0.02, ಒಟ್ಟು ಕ್ರೋಮಿಯಂ 0.05, ಪಾದರಸ 0.001 ಮಿ.ಗ್ರಾಂ. ಕಾರ್ಖಾನೆಗಳು ಹಳ್ಳ-ಹೊಳೆಗೆ ಬಿಡುವ ತ್ಯಾಜ್ಯ ನೀರಿನ ಸಾಮಾನ್ಯ ಮಿತಿ ಬೇರೆ. ಅಲ್ಲಿ ಸೀಸಕ್ಕೆ 0.1 ಮಿ.ಗ್ರಾಂ, ಅಂದರೆ ಹತ್ತು ಪಟ್ಟು ಸಡಿಲ. ಹಳ್ಳದ ನೀರನ್ನು ಆ ಮಿತಿಗೆ ಹೋಲಿಸಿ ‘ಮಿತಿಯೊಳಗಿದೆ’ ಅಂತ ಬರೆದ ವರದಿಗಳು ಇರುತ್ತವೆ. ಅಂಕಿ ಸರಿ, ಅಳತೆಗೋಲು ತಪ್ಪು. ಇನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರಿಗೆ ಕೊಡುವ ಎ, ಬಿ, ಸಿ, ಡಿ, ಇ ದರ್ಜೆಗಳ ಮೂಲ ಮಾನದಂಡದಲ್ಲಿ ಭಾರಲೋಹಗಳೇ ಇಲ್ಲ. ‘ಸಿ ದರ್ಜೆ ಬಂದಿದೆ, ಲೋಹದ ಚಿಂತೆ ಇಲ್ಲ’ ಅನ್ನುವ ಮಾತಿಗೆ ಆಧಾರವಿಲ್ಲ.

ಸಾಧ್ಯವೇ ಇಲ್ಲದ ಜೋಡಿಗಳನ್ನೂ ಹುಡುಕಿ. ಕರಗಿದ ಲೋಹ (ಸೋಸಿದ ನೀರಿನದ್ದು) ಒಟ್ಟು ಲೋಹಕ್ಕಿಂತ (ಸೋಸದ ನೀರಿನದ್ದು) ಜಾಸ್ತಿ ಇರಲು ಬರುವುದಿಲ್ಲ. ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ಒಂದು ರೂಪ, ಒಟ್ಟು ಕ್ರೋಮಿಯಂಗಿಂತ ಜಾಸ್ತಿ ಇರಲು ಬರುವುದಿಲ್ಲ. ಸ್ವಲ್ಪ ಹೆಚ್ಚುಕಡಿಮೆ ಆದರೆ ಅಳತೆಯ ಅಲುಗಾಟ ಅನ್ನಬಹುದು. ದುಪ್ಪಟ್ಟು ಇದ್ದರೆ ಎರಡು ಬಾಟಲಿಗಳ ಚೀಟಿ ಅದಲುಬದಲಾಗಿದೆ, ಇಲ್ಲವೇ ಫಿಲ್ಟರ್ ತಾನೇ ಲೋಹ ಬಿಟ್ಟಿದೆ.

ಎಲ್ಲ ಕಡೆ ‘ಬಿಡಿಎಲ್’ ಬಂದರೆ

ನನಗೆ ಅತಿ ಹೆಚ್ಚು ಅನುಮಾನ ಬರುವುದು ಈ ವರದಿ ಕಂಡಾಗ. ಜಾಸ್ತಿ ತೋರಿಸಿದ ವರದಿಯನ್ನು ಯಾರಾದರೂ ಪ್ರಶ್ನೆ ಮಾಡುತ್ತಾರೆ. ಏನೂ ಇಲ್ಲ ಅನ್ನುವ ವರದಿಯನ್ನು ಯಾರೂ ಕೇಳುವುದಿಲ್ಲ, ಪಂಚಾಯಿತಿಯಲ್ಲಿ ಓದಿ ಫೈಲಿಗೆ ಸೇರಿಸುತ್ತಾರೆ. ಬಿಡಿಎಲ್ ಅಂದರೆ ‘ಇಲ್ಲ’ ಅಂತಲ್ಲ. ‘ನಮ್ಮ ಯಂತ್ರಕ್ಕೆ ಕಾಣುವ ಮಟ್ಟಕ್ಕಿಂತ ಕೆಳಗಿದೆ’ ಅಂತ. ಆ ಮಟ್ಟ ಎಷ್ಟು ಅನ್ನುವುದೇ ಇಡೀ ಪ್ರಶ್ನೆ.

ಲೋಹ ಅಳೆಯುವ ಯಂತ್ರಗಳಲ್ಲಿ ಒಂದಾದ ಫ್ಲೇಮ್ ಎಎಎಸ್‌ನಲ್ಲಿ ಸೀಸವನ್ನು ನಂಬುವ ಹಾಗೆ ಅಳೆಯಬೇಕಾದರೆ ಲೀಟರಿಗೆ 0.1 ಮಿ.ಗ್ರಾಂ ಹತ್ತಿರವಾದರೂ ಇರಬೇಕು. ಮಿತಿ ಇರುವುದು 0.01. ನೀರಿನಲ್ಲಿ ಮಿತಿಯ ಐದು ಪಟ್ಟು ಸೀಸ ಇದ್ದರೂ ಆ ಯಂತ್ರ ‘ಬಿಡಿಎಲ್’ ಅನ್ನಬಹುದು. ತೊಗರಿ ಚೀಲ ತೂಗುವ ಕಾಟಾದಲ್ಲಿ ಮೂಗುತಿ ಇಟ್ಟು ತೂಕವೇ ಇಲ್ಲ ಅಂದ ಹಾಗೆ. ಇಲ್ಲಿ ಬೇಕಾಗುವುದು ಇನ್ನೂ ಸೂಕ್ಷ್ಮ ಯಂತ್ರಗಳಾದ ಗ್ರಾಫೈಟ್ ಫರ್ನೇಸ್ ಎಎಎಸ್ ಅಥವಾ ಐಸಿಪಿ-ಎಂಎಸ್. ಐಸಿಪಿ-ಓಇಎಸ್ ಕೂಡ ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್‌ಗಳ ವಿಷಯದಲ್ಲಿ ಮಿತಿಯ ಅಂಚಿನಲ್ಲೇ ತಡವರಿಸುತ್ತದೆ.

ಹಾಗಾಗಿ ಲ್ಯಾಬಿಗೆ ದುಡ್ಡು ಕಟ್ಟುವ ಮುಂಚೆಯೇ ಕೇಳಿ: ಯಾವ ಯಂತ್ರ, ಪ್ರತಿ ಲೋಹಕ್ಕೂ ಕನಿಷ್ಠ ಎಷ್ಟು ಅಳೆಯಬಲ್ಲಿರಿ? ಮಿತಿಯ ಮೂರನೇ ಒಂದು ಪಾಲಿಗಾದರೂ ಇಳಿಯದ ವಿಧಾನವಾದರೆ ಬೇರೆ ಲ್ಯಾಬು ನೋಡಿ. ಲ್ಯಾಬುಗಳಿಗೆ ಸಿಗುವ ಎನ್‌ಎಬಿಎಲ್ ಮಾನ್ಯತೆ ಇದೆ ಅಂದರೆ ಸಾಲದು. ಆ ಮಾನ್ಯತೆ ಲ್ಯಾಬಿನ ಎಲ್ಲ ಕೆಲಸಕ್ಕೂ ಇರುವುದಿಲ್ಲ. ಯಾವ ಲೋಹ, ಯಾವ ವಿಧಾನ, ಎಷ್ಟರಿಂದ ಎಷ್ಟರವರೆಗೆ ಅನ್ನುವ ಪಟ್ಟಿ ಅದರ ಜೊತೆಗೇ ಇರುತ್ತದೆ. ಆ ಪಟ್ಟಿ ಕೇಳಿದರೆ ಕೊಡುತ್ತಾರೆ.

ಬಿಡಿಎಲ್ ಬರಲು ಎರಡನೇ ಕಾರಣ ಬಾಟಲಿ. ಆಮ್ಲ ಹಾಕದೆ ಇಟ್ಟ ನೀರಿನಲ್ಲಿ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ, ಕಬ್ಬಿಣದ ಕಿಟ್ಟದ ಜೊತೆ ತಳಕ್ಕೆ ಇಳಿಯುತ್ತದೆ. ಲ್ಯಾಬಿನವರು ಮೇಲಿನ ತಿಳಿ ನೀರು ತೆಗೆದು ಅಳೆದರೆ ಏನು ಸಿಗುತ್ತದೆ? ಅದಕ್ಕೇ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸುವುದು. ಹೀಗೆ ಇಟ್ಟ ನೀರು ಆರು ತಿಂಗಳು ತಡೆಯುತ್ತದೆ. ಪಾದರಸಕ್ಕೆ ಮಾತ್ರ 28 ದಿನ. ಆಮ್ಲ ಹಾಕದೆ ಕಳಿಸಿಬಿಟ್ಟಿದ್ದರೂ ದಾರಿ ಇದೆ. ಲ್ಯಾಬಿನಲ್ಲಿ ಅದೇ ಬಾಟಲಿಗೇ ಆಮ್ಲ ಹಾಕಿ ಕನಿಷ್ಠ 16 ಗಂಟೆ ಬಿಟ್ಟು, ಪಿಎಚ್ ಮತ್ತೆ ನೋಡಿ ಅಳೆದರೆ ಒಟ್ಟು ಲೋಹದ ಅಂಕಿಯನ್ನು ತಕ್ಕಮಟ್ಟಿಗೆ ಉಳಿಸಿಕೊಳ್ಳಬಹುದು. ಬೇರೆ ಬಾಟಲಿಗೆ ಸುರಿದು ಆಮೇಲೆ ಆಮ್ಲ ಹಾಕಿದರೆ ಗೋಡೆಗೆ ಅಂಟಿದ್ದು ಹಳೆ ಬಾಟಲಿಯಲ್ಲೇ ಉಳಿಯುತ್ತದೆ.

ಫರಸಿ ಕಲ್ಲಿನ ನಾಡಿನಲ್ಲಿ ಆಮ್ಲದ ಲೆಕ್ಕ

ಇದು ನಮ್ಮ ಕಡೆಯ ವಿಶೇಷ ತೊಂದರೆ. ಪಠ್ಯಪುಸ್ತಕದ ಲೆಕ್ಕ ಲೀಟರ್ ನೀರಿಗೆ ಸುಮಾರು 1.5 ಮಿ.ಲೀ. ಗಾಢ ನೈಟ್ರಿಕ್ ಆಮ್ಲ. ತಿಳಿ ನೀರಿಗೆ, ಅದು ಸಾಕಷ್ಟು ಕ್ಷಾರವಿದ್ದರೂ, ಇಷ್ಟು ಸಾಕು. ಆದರೆ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಲ್ಲಿರುವುದು ಭೀಮಾ ಗುಂಪಿನ ಸುಣ್ಣದ ಕಲ್ಲು. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಜಾಗದಿಂದ ಹರಿದು ಬರುವ ನೀರು ಬೂದು-ಬಿಳಿ ಬಣ್ಣಕ್ಕಿರುತ್ತದೆ. ಆ ಬಣ್ಣವೆಲ್ಲ ಸುಣ್ಣದ ಕಲ್ಲಿನ ಪುಡಿ. ಒಂದು ಗ್ರಾಂ ಪುಡಿ ಹೆಚ್ಚುಕಡಿಮೆ 1.25 ಮಿ.ಲೀ. ಗಾಢ ಆಮ್ಲ ನುಂಗುತ್ತದೆ. ಅಂದರೆ ನೀವು ಹಾಕಿದ್ದು ಬಹುಪಾಲು ಅಲ್ಲೇ ಖರ್ಚಾಯಿತು. ಹಾಕಿದ ಕೂಡಲೇ ಪಿಎಚ್ ಕಾಗದ 2 ತೋರಿಸಬಹುದು, ದಪ್ಪ ಕಣ ನಿಧಾನಕ್ಕೆ ಕರಗಿ ಮರುದಿನ ಅದೇ ಬಾಟಲಿ 5 ತೋರಿಸಬಹುದು.

ಗುರುತು ಹಿಡಿಯುವುದು ಸುಲಭ. ಆಮ್ಲ ಹಾಕಿದಾಗ ನೀರು ನೊರೆಗಟ್ಟಿ ಬುಸ್ ಅಂದರೆ ಸುಣ್ಣ ಇದೆ. ತಕ್ಷಣ ಮುಚ್ಚಳ ಬಿಗಿ ಮಾಡಬೇಡಿ. ಗ್ಯಾಸ್ ಒತ್ತಡಕ್ಕೆ ಬಾಟಲಿ ಉಬ್ಬುತ್ತದೆ, ಮೇ ತಿಂಗಳ ಬಿಸಿಲಲ್ಲಿ ಕಾರಿನ ಡಿಕ್ಕಿಯೊಳಗೆ ಮುಚ್ಚಳ ಹಾರುವುದೂ ಉಂಟು. ಕನ್ನಡಕ, ಕೈಗವಸು ಇಲ್ಲದೆ ಈ ಆಮ್ಲ ಮುಟ್ಟಲೇಬಾರದು. ನೊರೆ ನಿಂತ ಮೇಲೆ ಪಿಎಚ್ ನೋಡಿ, ಬೇಕಿದ್ದರೆ ಇನ್ನಷ್ಟು ಹಾಕಿ, ಎಷ್ಟು ಹಾಕಿದಿರಿ ಅಂತ ಚೀಟಿಯಲ್ಲಿ ಬರೆಯಿರಿ. ಮರುದಿನ ಮತ್ತೊಮ್ಮೆ ನೋಡಿ.

ಇನ್ನೊಂದು ಅನುಕ್ರಮದ ತಪ್ಪು ಇದಕ್ಕಿಂತ ಕೆಟ್ಟದ್ದು. ‘ಕರಗಿದ ಲೋಹ’ ಬೇಕೆಂದರೆ ಮೊದಲು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಆಮೇಲೆ ಆಮ್ಲ ಹಾಕಬೇಕು. ಆಮ್ಲ ಮೊದಲು ಹಾಕಿದರೆ ಮಣ್ಣಿನ ಕಣದಲ್ಲಿದ್ದ ಲೋಹವೆಲ್ಲ ನೀರಿಗಿಳಿದು, ಸೋಸಿದರೂ ಕೆಳಗೆ ಬರುತ್ತದೆ. ಕರಗಿದ್ದು ಮತ್ತು ಒಟ್ಟು ಎರಡೂ ಒಂದೇ ಅಂಕಿ, ನೀರು ಮಾತ್ರ ಕೆಸರಾಗಿತ್ತು ಅಂದರೆ ಇದೇ ಆಗಿದೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕಲೇಬೇಡಿ. ಸೋಸಿ, ತಣ್ಣಗಿಟ್ಟು, 24 ಗಂಟೆಯೊಳಗೆ ಅಳೆಸಿ. ದೂರದ ಲ್ಯಾಬಿಗೆ ಕಳಿಸುವುದಾದರೆ ಬಸ್ಸು, ಕೊರಿಯರ್ ಹೊತ್ತು ಲೆಕ್ಕ ಹಾಕಿ. ಆಗುವುದಿಲ್ಲ ಅಂದರೆ ಆ ಪರೀಕ್ಷೆಗೆ ದುಡ್ಡು ಕಟ್ಟುವುದೇ ಬೇಡ.

ಸತು, ಸೀಸ, ತಾಮ್ರ ಎಲ್ಲ ಬಾಟಲಿಯಲ್ಲೂ ಒಂದೇ ಸಮ

ಹಳ್ಳದ ಮೇಲೆ, ಕೆಳಗೆ, ಪಕ್ಕದ ತೊರೆಯಲ್ಲಿ, ಎಲ್ಲಾ ಕಡೆ ಸತು ಸುಮಾರು ಒಂದೇ ಅಂಕಿ. ಹಳ್ಳಗಳು ಹೀಗೆ ಮಾತಾಡಿಕೊಂಡು ನಡೆಯುವುದಿಲ್ಲ. ಒಂದೇ ಸಮ ಇರುವುದು ನಿಮ್ಮ ಬಾಟಲಿ, ಆಮ್ಲ, ಕೈಗವಸು.

ಸೇತುವೆ ಮೇಲಿಂದ ತಗಡಿನ ಬಕೆಟ್ ಇಳಿಬಿಟ್ಟಿರಾ? ಆ ತಗಡಿಗೆ ಸತುವಿನ ಲೇಪ ಇರುತ್ತದೆ. ಪುಡಿ ಹಚ್ಚಿದ ರಬ್ಬರ್ ಕೈಗವಸಿನಲ್ಲಿ ಸತು. ಹಿತ್ತಾಳೆ ನಲ್ಲಿಯಲ್ಲಿ ತಾಮ್ರ, ಸತು, ಒಮ್ಮೊಮ್ಮೆ ಸೀಸ. ಅಗ್ಗದ ಆಮ್ಲದಲ್ಲಿ ಕಬ್ಬಿಣ, ಸೀಸ. ಬಾಟಲಿ ಎಚ್‌ಡಿಪಿಇ ಪ್ಲಾಸ್ಟಿಕ್‌ನದಾಗಿರಲಿ, ಬಣ್ಣದ ಮುಚ್ಚಳ ಬೇಡ, ಶೇಕಡಾ 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿ ನೆನೆಸಿ ಶುದ್ಧ ನೀರಲ್ಲಿ ತೊಳೆದಿರಲಿ. ಬಿಸ್ಲೇರಿ ಖಾಲಿ ಬಾಟಲಿ ಇದಕ್ಕೆ ಆಗುವುದಿಲ್ಲ.

ಇದನ್ನು ಬಾಯಿಮಾತಿನಲ್ಲಿ ವಾದ ಮಾಡಿ ಬಗೆಹರಿಸಲು ಆಗುವುದಿಲ್ಲ, ಬ್ಲ್ಯಾಂಕ್ ಬೇಕು. ಲ್ಯಾಬಿನಿಂದ ಡಿಅಯೊನೈಸ್ಡ್ (ಲವಣ ತೆಗೆದ) ನೀರು ತಗೊಂಡು ಹೋಗಿ. ಹಳ್ಳದ ದಂಡೆಯಲ್ಲೇ ನಿಂತು, ಅದೇ ಬಕೆಟ್ಟಿಗೆ ಸುರಿದು, ಅದೇ ಫಿಲ್ಟರ್‌ನಲ್ಲಿ ಸೋಸಿ, ಅದೇ ಆಮ್ಲ ಹಾಕಿ ಒಂದು ಬಾಟಲಿ ತುಂಬಿ. ಲ್ಯಾಬಿಗೆ ಇದು ಬ್ಲ್ಯಾಂಕ್ ಅಂತ ಹೇಳದೆ ಬೇರೆ ಸ್ಯಾಂಪಲ್‌ಗಳ ಸಾಲಿನಲ್ಲೇ ಒಂದು ನಂಬರ್ ಕೊಟ್ಟು ಕಳಿಸಿ. ಅದರಲ್ಲೂ ಸತು ಬಂದರೆ ಕಳ್ಳ ನಿಮ್ಮ ಚೀಲದಲ್ಲೇ ಇದ್ದಾನೆ. ಆಮೇಲೆ ಒಂದೊಂದೇ ತೆಗೆದು ನೋಡಬೇಕು: ಬರೀ ನೀರು, ನೀರು ಮತ್ತು ಆಮ್ಲ, ನೀರು ಆಮ್ಲ ಮತ್ತು ಫಿಲ್ಟರ್. ಎಲ್ಲಿ ಅಂಕಿ ಏರುತ್ತದೋ ಅದೇ ಮೂಲ. ಫಿಲ್ಟರ್ ಆಗಿದ್ದರೆ ಮೊದಲ 50 ಮಿ.ಲೀ. ಚೆಲ್ಲಿ ಆಮೇಲಿನದ್ದು ಹಿಡಿದರೆ ಬಹುತೇಕ ಸರಿಹೋಗುತ್ತದೆ.

ಬ್ಲ್ಯಾಂಕ್ ಅಂಕಿಯನ್ನು ಸ್ಯಾಂಪಲ್ ಅಂಕಿಯಿಂದ ಕಳೆದು ‘ಸರಿಪಡಿಸುವ’ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಕಲಬೆರಕೆ ಎಲ್ಲ ಬಾಟಲಿಗೂ ಸಮನಾಗಿ ಹಂಚಿಕೊಂಡು ಬಂದಿರುವುದಿಲ್ಲ. ಬ್ಲ್ಯಾಂಕ್ ಸ್ಯಾಂಪಲ್ಲಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ಆ ಲೋಹದ ಅಂಕಿ ಬಿಟ್ಟು ಮತ್ತೆ ಹಿಡಿಯುವುದೇ ನೇರ.

ನಿಕೆಲ್ ಅಥವಾ ಆರ್ಸೆನಿಕ್ ಮಾತ್ರ ವಿಚಿತ್ರವಾಗಿ ಜಾಸ್ತಿ

ಬಾಟಲಿ ಸರಿ, ಬ್ಲ್ಯಾಂಕ್ ಸರಿ, ಆದರೂ ಸುಣ್ಣದ ಕಲ್ಲಿನ ಹಳ್ಳಗಳಲ್ಲೆಲ್ಲ ನಿಕೆಲ್ ಏರಿದೆ. ಕ್ಯಾಲ್ಸಿಯಂ ಜಾಸ್ತಿ ಇರುವಲ್ಲಿ ಜಾಸ್ತಿ, ಕಡಿಮೆ ಇರುವಲ್ಲಿ ಕಡಿಮೆ. ಇದು ಯಂತ್ರದ ಕಣ್ಕಟ್ಟು ಇರಬಹುದು. ಐಸಿಪಿ-ಎಂಎಸ್ ಲೋಹವನ್ನು ಅದರ ದ್ರವ್ಯರಾಶಿ ನೋಡಿ ಗುರುತಿಸುತ್ತದೆ. ನಿಕೆಲ್‌ಗೆ ಸಾಮಾನ್ಯವಾಗಿ 60 ನೋಡುತ್ತಾರೆ. ಕ್ಯಾಲ್ಸಿಯಂ 44 ಮತ್ತು ಆಕ್ಸಿಜನ್ 16 ಸೇರಿದರೂ 60. ಹಾಗೆಯೇ ಆರ್ಸೆನಿಕ್ 75. ಯಂತ್ರದೊಳಗಿನ ಆರ್ಗಾನ್ 40 ಮತ್ತು ನೀರಿನ ಕ್ಲೋರಿನ್ 35 ಸೇರಿದರೂ 75. ಚರಂಡಿ ನೀರು ಸೇರುವ, ಉಪ್ಪು ಜಾಸ್ತಿ ಇರುವ ಹಳ್ಳದಲ್ಲಿ ಇಲ್ಲದ ಆರ್ಸೆನಿಕ್ ಕಾಣಿಸಿಕೊಳ್ಳುವುದು ಹೀಗೆ.

ಲ್ಯಾಬಿನವರು ‘ಸ್ಪೈಕ್ ರಿಕವರಿ 98 ಬಂದಿದೆ, ನಮ್ಮದು ಸರಿ’ ಅನ್ನುತ್ತಾರೆ. ಸ್ಪೈಕ್ ಅಂದರೆ ಗೊತ್ತಿರುವಷ್ಟು ಲೋಹ ಬೇಕಂತಲೇ ಸೇರಿಸಿ ಅದು ವಾಪಸ್ ಸಿಗುತ್ತದೋ ನೋಡುವುದು. ಒಳ್ಳೆಯ ಪರೀಕ್ಷೆಯೇ. ನೀರಿನ ಉಪ್ಪು ಲೋಹದ ಸಂಕೇತವನ್ನು ಒತ್ತಿಹಿಡಿದಿದ್ದರೆ ಅದು ಸಿಕ್ಕಿಬೀಳುತ್ತದೆ. ಆದರೆ ಇಲ್ಲಿಯ ತೊಂದರೆ ಬೇರೆ. ಮೊದಲೇ 6 ಸುಳ್ಳು ಅಂಕಿ ಇದೆ, 10 ಸೇರಿಸಿದರೆ 16 ತೋರಿಸುತ್ತದೆ. ಹತ್ತಕ್ಕೆ ಹತ್ತೂ ಸಿಕ್ಕಿತು, ಮೊದಲಿನ ಆರು ಸುಳ್ಳು ಹಾಗೇ ಉಳಿಯಿತು. ಇದಕ್ಕೆ ಕೇಳಬೇಕಾದ್ದು ಎರಡು: ಇಂಥ ಜೋಡಿಗಳನ್ನು ತಡೆಯುವ ಹೀಲಿಯಂ ಕೊಲಿಶನ್ ಸೆಲ್ ಬಳಸಿದಿರಾ? ನಿಕೆಲ್ ಇಲ್ಲದ, ಬರೀ ಕ್ಯಾಲ್ಸಿಯಂ ಇರುವ ದ್ರಾವಣ ಓಡಿಸಿದರೆ ನಿಕೆಲ್ ಎಷ್ಟು ತೋರಿಸುತ್ತದೆ? ಆರ್ಸೆನಿಕ್‌ಗೂ ಹೀಗೆಯೇ ಬರೀ ಕ್ಲೋರೈಡ್ ದ್ರಾವಣ ಓಡಿಸಬಹುದು.

ಆದರೆ ಆರ್ಸೆನಿಕ್ ಅಂದ ಕೂಡಲೇ ಯಂತ್ರದ ತಪ್ಪು ಅಂತ ತಳ್ಳಿಹಾಕಬೇಡಿ. ಯಾದಗಿರಿ ಜಿಲ್ಲೆ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿದ್ದು ನಿಜ. ಅದು ಚಿನ್ನದ ಅದಿರು ಇರುವ ಕಲ್ಲಿನ ಸೀಮೆ. ಬೇಸಿಗೆಯಲ್ಲಿ ಹಳ್ಳದಲ್ಲಿ ಉಳಿಯುವುದು ನೆಲದಿಂದ ಒಸರುವ ನೀರು ತಾನೇ? ಅಂಥ ಕಡೆ ಹತ್ತಿರದ ಬೋರ್‌ವೆಲ್ ನೀರನ್ನೂ ಜೊತೆಗೇ ಅಳೆಸಿ. ಶಹಾಪುರ ತಾಲೂಕಿನ ಗೋಗಿ ಸುತ್ತಮುತ್ತ ಯುರೇನಿಯಂ ಅದಿರಿದೆ. ಅಲ್ಲಿನ ನೀರಿಗೆ ಸಾಮಾನ್ಯ ಭಾರಲೋಹ ಪಟ್ಟಿ ಸಾಲದು, ಯುರೇನಿಯಂ ಬೇಕು ಅಂತ ಬೇರೆಯಾಗಿ ಬರೆದು ಕೊಡಬೇಕು.

ಮಳೆ ಬಂದ ವಾರ ಎಲ್ಲ ಲೋಹವೂ ಒಟ್ಟಿಗೆ ಏರಿದರೆ

ಜೂನ್-ಜುಲೈನಲ್ಲಿ ಎರೆ ಹೊಲದ ಮಣ್ಣು ಹೊತ್ತುಕೊಂಡು ಹಳ್ಳ ಕಪ್ಪಗೆ ಹರಿಯುತ್ತದೆ. ಆ ಎರೆ ಮಣ್ಣು ಹುಟ್ಟಿದ್ದು ದಖನ್ ಬಸಾಲ್ಟ್ ಕಲ್ಲಿನಿಂದ. ಆ ಕಲ್ಲಿನಲ್ಲೇ ತಾಮ್ರ, ಕ್ರೋಮಿಯಂ, ನಿಕೆಲ್ ಸಹಜವಾಗಿ ಜಾಸ್ತಿ. ಸೋಸದ ನೀರಿಗೆ ಆಮ್ಲ ಹಾಕಿ ಅಳೆದರೆ ನೀವು ಅಳೆದದ್ದು ಹೊಲವನ್ನು.

ಇದನ್ನು ಬಿಡಿಸುವ ಕೀಲಿ ಅಲ್ಯೂಮಿನಿಯಂ. ಮಣ್ಣಿನ ಜೇಡಿಯಲ್ಲಿ ಅದು ಹೇರಳ, ಮಾಲಿನ್ಯದಿಂದ ಅಷ್ಟಾಗಿ ಏರುವುದಿಲ್ಲ. ಲ್ಯಾಬಿನ ಭಾರಲೋಹ ಪ್ಯಾಕೇಜಿನಲ್ಲಿ ಇದು ಇರುವುದೇ ಅಪರೂಪ, ಕೇಳಿ ಸೇರಿಸಿಕೊಳ್ಳಿ. ಆಮೇಲೆ ಪ್ರತಿ ಲೋಹವನ್ನೂ ಅಲ್ಯೂಮಿನಿಯಂನಿಂದ ಭಾಗಿಸಿ. ಕ್ರೋಮಿಯಂ ಮೂರು ಪಟ್ಟು ಏರಿದೆ, ಅಲ್ಯೂಮಿನಿಯಂ ಕೂಡ ಮೂರು ಪಟ್ಟು ಏರಿದೆ ಅಂದರೆ ಮಣ್ಣು ಬಂದಿದೆ, ಬೇರೇನಿಲ್ಲ. ಅಲ್ಯೂಮಿನಿಯಂ ಮೂರು ಪಟ್ಟು, ಸೀಸ ಒಂಬತ್ತು ಪಟ್ಟು ಅಂದರೆ ಮಣ್ಣಿನ ಆಚೆಗೆ ಸೀಸದ ಮೂಲ ಇದೆ, ಹುಡುಕಲು ಅರ್ಥವಿದೆ. ಅಲ್ಯೂಮಿನಿಯಂ ಏರದೆ ಲೋಹ ಮಾತ್ರ ಏರಿದರೆ ಇನ್ನೂ ಸ್ಪಷ್ಟ.

ಬೀದರಿನ ಪ್ರಸ್ಥಭೂಮಿಯ ಮೇಲೆ ಕಥೆ ಸ್ವಲ್ಪ ಬೇರೆ. ಅಲ್ಲಿ ಬಸಾಲ್ಟ್ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆ. ಲಕ್ಷಾಂತರ ವರ್ಷದ ಮಳೆಗೆ ಉಳಿದದ್ದೆಲ್ಲ ತೊಳೆದು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಗಟ್ಟಿಯಾಗಿ ನಿಂತ ಕಲ್ಲು ಅದು. ಅಲ್ಲಿನ ಅನುಪಾತವನ್ನು ಎರೆ ಹೊಲದ ಅನುಪಾತಕ್ಕೆ ಹೋಲಿಸಬೇಡಿ. ಅದೇ ಹಳ್ಳದ ಮೇಲ್ಭಾಗದ, ಅದೇ ಮಳೆಯ ನೀರಿನ ಜೊತೆ ಮಾತ್ರ ಹೋಲಿಸಿ.

ಬೆಳಿಗ್ಗೆ ಒಂದು ಅಂಕಿ, ಮಧ್ಯಾಹ್ನ ಇನ್ನೊಂದು

ಇದು ತಪ್ಪೇ ಅಲ್ಲದಿರಬಹುದು. ಪಾಚಿ ಬೆಳೆದ ತಿಳಿ ಹಳ್ಳದಲ್ಲಿ ಹಗಲು ಹೊತ್ತು ಪಾಚಿ ನೀರಿನ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ, ಪಿಎಚ್ ಏರುತ್ತದೆ. ಪಿಎಚ್ ಏರಿದಾಗ ಸತು, ಕ್ಯಾಡ್ಮಿಯಂ, ಮ್ಯಾಂಗನೀಸ್ ಕಲ್ಲು-ಕೆಸರಿಗೆ ಅಂಟುತ್ತವೆ. ರಾತ್ರಿ ಮತ್ತೆ ಬಿಡುಗಡೆಯಾಗುತ್ತವೆ. ಹಾಗಾಗಿ ಕರಗಿದ ಸತು ಬೆಳಗಿನ ಜಾವ ಗರಿಷ್ಠ, ಮಧ್ಯಾಹ್ನದ ಮೇಲೆ ಕನಿಷ್ಠ. ಆರ್ಸೆನಿಕ್ ಇದಕ್ಕೆ ತಿರುಗುಮುರುಗು, ಅದು ಮಧ್ಯಾಹ್ನದ ಮೇಲೆ ಏರುತ್ತದೆ. ಕೆಲವು ಹೊಳೆಗಳಲ್ಲಿ ಸತುವಿನ ವ್ಯತ್ಯಾಸ ಒಂದೇ ದಿನದಲ್ಲಿ ಹಲವು ಪಟ್ಟು ಇರುತ್ತದೆ.

ಇಲ್ಲಿಂದ ಒಂದು ಕೆಟ್ಟ ಗೊಂದಲ ಹುಟ್ಟುತ್ತದೆ. ಬೆಳಿಗ್ಗೆ ಏಳಕ್ಕೆ ಮಳಖೇಡದ ಹತ್ತಿರ ಕಾಗಿಣಾದ ನೀರು ಹಿಡಿದು, ದಾರಿಯಲ್ಲಿ ಊಟ ಮುಗಿಸಿ, ಮೂರು ಗಂಟೆಗೆ ಕೆಳಗಿನ ಜಾಗಕ್ಕೆ ಹೋದರೆ ಸತು ಕಡಿಮೆಯಾಗಿದೆ ಅಂತ ಬರುತ್ತದೆ. ನದಿ ತಾನೇ ಶುದ್ಧವಾಯಿತು ಅಂತ ಬರೆದುಬಿಡುತ್ತಾರೆ. ಕಡಿಮೆಯಾಗಿದ್ದು ಹೊತ್ತು ಬದಲಾದದ್ದರಿಂದ. ಪ್ರತಿ ಬಾಟಲಿಯ ಮೇಲೆ ಹೊತ್ತು ಬರೆಯಿರಿ, ಪಿಎಚ್ ಅನ್ನು ಸ್ಥಳದಲ್ಲೇ ಅಳೆಯಿರಿ. ಎರಡು ತಂಡ ಮಾಡಿ ಒಂದೇ ಹೊತ್ತಿಗೆ ಹಿಡಿದರೆ ಇನ್ನೂ ಒಳ್ಳೆಯದು.

ಬ್ಯಾರೇಜ್ ಹಿನ್ನೀರಿನಲ್ಲಿ ಬೇಸಿಗೆಗೆ ಮ್ಯಾಂಗನೀಸ್, ಕಬ್ಬಿಣ ಏರುವುದೂ ಹೀಗೇ ಸಹಜ. ನಿಂತ ನೀರಿನ ತಳದಲ್ಲಿ ಆಮ್ಲಜನಕ ಮುಗಿದು ಕೆಸರಿನ ಮ್ಯಾಂಗನೀಸ್ ನೀರಿಗಿಳಿಯುತ್ತದೆ. ಮೇಲ್ಮೈ ನೀರು, ತಳದ ನೀರು ಎರಡನ್ನೂ ಹಿಡಿದರೆ ಗೊತ್ತಾಗುತ್ತದೆ.

ನೀರು ಸ್ವಚ್ಛ, ಹೂಳು ಕೊಳಕು

ನಮ್ಮ ಕ್ಷಾರ ನೀರಿನಲ್ಲಿ ಸೀಸ, ತಾಮ್ರ ನೀರಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಹೂಳಿಗೆ ಇಳಿಯುತ್ತವೆ. ರಾತ್ರಿ ಯಾರೋ ಬಿಟ್ಟ ತ್ಯಾಜ್ಯ ಹಗಲು ನೀವು ಹೋಗುವ ಹೊತ್ತಿಗೆ ಹರಿದುಹೋಗಿರುತ್ತದೆ, ಹೂಳು ಮಾತ್ರ ನೆನಪಿಟ್ಟುಕೊಂಡಿರುತ್ತದೆ. ಹಾಗಾಗಿ ನೀರಿನ ಅಂಕಿ ಊರವರ ಮಾತಿಗೆ ತಾಳೆಯಾಗದಿದ್ದರೆ ಹೂಳು ಅಳೆಸಿ. ದಪ್ಪ ಮರಳು ಬಿಟ್ಟು 63 ಮೈಕ್ರಾನ್‌ಗಿಂತ ನಯವಾದ ಭಾಗ ತಗೊಳ್ಳಿ.

ಇಲ್ಲಿ ಬರುವ ತಪ್ಪು ಹಿನ್ನೆಲೆ ಮಟ್ಟದ್ದು. ಹೂಳಿನ ಸೂಚ್ಯಂಕಗಳಿಗೆ ‘ಮಾಲಿನ್ಯ ಇಲ್ಲದಾಗ ಎಷ್ಟಿತ್ತು’ ಅನ್ನುವ ಅಂಕಿ ಬೇಕು. ಬಹಳ ಜನ ಜಗತ್ತಿನ ಶೇಲ್ ಕಲ್ಲಿನ ಸರಾಸರಿ ಹಾಕುತ್ತಾರೆ, ತಾಮ್ರಕ್ಕೆ ಕಿಲೋಗೆ 45 ಮಿ.ಗ್ರಾಂ. ಬಸಾಲ್ಟ್‌ನಲ್ಲಿ ತಾಮ್ರ 100ರ ಸುತ್ತ ಅಥವಾ ಇನ್ನೂ ಮೇಲೆ ಇರುವುದು ಸಾಮಾನ್ಯ. ಯಾರೂ ಮುಟ್ಟದ ಆಳಂದ ಕಡೆಯ ಹಳ್ಳದ ಹೂಳೂ ಆ ಲೆಕ್ಕದಲ್ಲಿ ಮಲಿನ ಅಂತ ಬರುತ್ತದೆ. ಅದೇ ಯಾದಗಿರಿಯ ಗ್ರಾನೈಟ್ ಸೀಮೆಯಲ್ಲಿ ಸಹಜ ತಾಮ್ರ ಕಡಿಮೆ, ಅಲ್ಲಿ ನಿಜವಾದ ಮಾಲಿನ್ಯವೇ ಮುಚ್ಚಿಹೋಗುತ್ತದೆ. ಒಂದೇ ಕಲ್ಲಿನ ಮೇಲಿರುವ, ಊರು-ಕಾರ್ಖಾನೆಗಿಂತ ಮೇಲಿರುವ ತೊರೆಯ ಹೂಳನ್ನೇ ಹಿನ್ನೆಲೆಯಾಗಿ ತಗೊಳ್ಳಿ.

ಎಚ್‌ಪಿಐ 100 ದಾಟಿದೆ ಅಂದರೆ

ಎಚ್‌ಪಿಐ ಅಂದರೆ ಭಾರಲೋಹ ಮಾಲಿನ್ಯ ಸೂಚ್ಯಂಕ, 100 ದಾಟಿದರೆ ಅಪಾಯ ಅನ್ನುತ್ತಾರೆ. ಅದರಲ್ಲಿ ಪ್ರತಿ ಲೋಹದ ತೂಕ ಅದರ ಮಿತಿಗೆ ವಿಲೋಮ. ಮಿತಿ ಚಿಕ್ಕದಾದಷ್ಟು ತೂಕ ದೊಡ್ಡದು. ಸೀಸಕ್ಕೆ 100, ನಿಕೆಲ್‌ಗೆ 50, ಕ್ರೋಮಿಯಂಗೆ 20, ಕ್ಯಾಡ್ಮಿಯಂಗೆ 333. ಈಗ ಕ್ಯಾಡ್ಮಿಯಂ ‘ಬಿಡಿಎಲ್’ ಬಂದಿದೆ, ಯಂತ್ರದ ಮಟ್ಟ 0.01 ಅಂದುಕೊಳ್ಳಿ. ರೂಢಿಯಂತೆ ಅದರ ಅರ್ಧ 0.005 ಹಾಕುತ್ತೀರಿ. ಉಳಿದ ಲೋಹವೆಲ್ಲ ಸೊನ್ನೆ. ಲೆಕ್ಕ ಮಾಡಿದರೆ ಸೂಚ್ಯಂಕ 110. ಏನೂ ಸಿಗದ ನೀರಿಗೆ ‘ಅಪಾಯ’ ಅಂತ ಮುದ್ರೆ ಬಿತ್ತು! ಸೂಚ್ಯಂಕ ನೋಡುವ ಮುಂಚೆ ಅದರಲ್ಲಿ ಕ್ಯಾಡ್ಮಿಯಂ, ಪಾದರಸದ ಪಾಲೆಷ್ಟು, ಅವು ನಿಜಕ್ಕೂ ಅಳೆದ ಅಂಕಿಗಳೋ ಅಂತ ನೋಡಿ. ನನಗಂತೂ ಒಂದೇ ಸೂಚ್ಯಂಕಕ್ಕಿಂತ ಲೋಹವಾರು ಪಟ್ಟಿಯೇ ಮೇಲು.

ಇಷ್ಟೆಲ್ಲ ದಾಟಿ ಅಂಕಿ ನಿಂತರೆ ಮೂಲ ಹುಡುಕುವುದು

ಈಗ ಸಾಂದ್ರತೆ ಬಿಟ್ಟು ಹೊರೆ ನೋಡಬೇಕು, ಅಂದರೆ ಸೆಕೆಂಡಿಗೆ ಎಷ್ಟು ಲೋಹ ಹರಿಯುತ್ತಿದೆ ಅಂತ. ನೀರಿನ ಹರಿವು ಬೇಕು. ಹಳ್ಳದ ಅಗಲ, ಆಳ ಅಳೆದು, ಅರ್ಧ ಮುಳುಗುವ ಏನಾದರೂ ತೇಲಿಬಿಟ್ಟು ಹತ್ತಿಪ್ಪತ್ತು ಮೀಟರ್ ಹೊತ್ತು ನೋಡಿ, ಬಂದ ವೇಗವನ್ನು 0.85ರಿಂದ, ಆಮೇಲೆ ಅಗಲ ಮತ್ತು ಆಳದಿಂದ ಗುಣಿಸಿದರೆ ಕೆಲಸಕ್ಕೆ ಸಾಕಾಗುವ ಅಂದಾಜು.

ಒಂದು ಉದಾಹರಣೆ ಹಾಕೋಣ. ಮೇಲೆ ಸೆಕೆಂಡಿಗೆ 300 ಲೀಟರ್, ಸೀಸ ಲೀಟರಿಗೆ 4 ಮೈಕ್ರೋಗ್ರಾಂ. ಹೊರೆ 1.2 ಮಿ.ಗ್ರಾಂ. ಕೆಳಗೆ 320 ಲೀಟರ್, 10 ಮೈಕ್ರೋಗ್ರಾಂ. ಹೊರೆ 3.2. ನಡುವೆ ಒಂದು ನಾಲಾ ಸೇರುತ್ತದೆ, 20 ಲೀಟರ್, 30 ಮೈಕ್ರೋಗ್ರಾಂ. ಎಲ್ಲರ ಬೆರಳೂ ಆ ನಾಲಾ ಕಡೆಗೆ. ಆದರೆ ಅದು ತಂದದ್ದು ಬರೀ 0.6. ಕೂಡಿದ 2 ಮಿ.ಗ್ರಾಂನಲ್ಲಿ 1.4ಕ್ಕೆ ಇನ್ನೂ ಲೆಕ್ಕ ಸಿಕ್ಕಿಲ್ಲ. ದಂಡೆ ಗುಂಟ ನಡೆದು ಇನ್ನೊಂದು ಪೈಪು, ಹಳೆ ಕಸದ ಗುಡ್ಡೆ, ಒಸರು, ಕದಡಿದ ಹೂಳು ಹುಡುಕಬೇಕು. ಸಾಂದ್ರತೆ ಜಾಸ್ತಿ ಇರುವವನೇ ದೊಡ್ಡ ತಪ್ಪುಗಾರ ಅಂತ ಇಲ್ಲ.

ಕೆಳಗಿನ ಜಾಗದಲ್ಲಿ ನೀರು ಬೆರೆತಿದೆಯೋ ಅಂತಲೂ ನೋಡಿ. ನಾಲಾ ಸೇರಿದ ಮೇಲೆ ಎರಡು ನೀರು ಬಹಳ ದೂರ ಅಕ್ಕಪಕ್ಕದಲ್ಲೇ ಹರಿಯುತ್ತವೆ. ಟಿಡಿಎಸ್ ಮೀಟರ್‌ಗೆ ಇಲ್ಲಿ ಮರ್ಯಾದೆ ಇದೆ. ಎಡದಂಡೆ, ನಡು, ಬಲದಂಡೆಯಲ್ಲಿ ಅದ್ದಿ. ಮೂರೂ ಒಂದೇ ಬರುವವರೆಗೆ ಕೆಳಗೆ ನಡೆಯಿರಿ, ಅಲ್ಲಿ ಬಾಟಲಿ ತುಂಬಿ.

ಯಾವ ಲೋಹಗಳು ಜೊತೆಜೊತೆ ಬರುತ್ತವೆ ಅನ್ನುವುದೂ ಸುಳಿವು. ಸೀಸದ ಜೊತೆ ಆಂಟಿಮನಿ ಇದ್ದರೆ ಬ್ಯಾಟರಿ ಕೆಲಸ ನೆನಪಾಗಲಿ. ಸತುವಿನ ಜೊತೆ ತಾಮ್ರ, ಬೀದರಿನ ಹಳೆ ಊರಿನ ಚರಂಡಿಯಲ್ಲಿ, ಅಂದರೆ ಬಿದ್ರಿ ಕೆಲಸವೂ ಒಂದು ಸಾಧ್ಯತೆ. ಆ ಲೋಹ ಬಹುಪಾಲು ಸತು, ಸ್ವಲ್ಪ ತಾಮ್ರ, ಚಿತ್ತಾರ ಕೊರೆಯುವ ಮುಂಚೆ ಮೈಲುತುತ್ತದ ನೀರು ಬಳಿಯುತ್ತಾರೆ. ಆದರೆ ತಗಡಿನ ಮಾಡು, ಟೈರಿನ ಧೂಳಿನಿಂದಲೂ ಸತು ಬರುತ್ತದೆ. ಕೈಕೆಲಸದವರ ಹೆಸರು ಬರೆಯುವ ಮುಂಚೆ ಮಳೆ ಇಲ್ಲದ ದಿನದ ಚರಂಡಿ ನೀರು ಅಳೆಸಿ, ಮಾಡು-ರಸ್ತೆಯ ಪಾಲು ಬೇರೆಯಾಗುತ್ತದೆ. ಗಣಪತಿ ಬಿಟ್ಟ ವಾರ ಕೆರೆ-ಹಳ್ಳದ ಬಣ್ಣದ ಲೋಹಗಳ ಅಂಕಿಯನ್ನು ವರ್ಷದ ಸರಾಸರಿಗೆ ಸೇರಿಸಬೇಡಿ, ಬೇರೆ ಇಡಿ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡುವುದಾದರೆ ಅಂಕಿಯ ಜೊತೆ ಬ್ಲ್ಯಾಂಕ್, ಜೋಡಿ ಸ್ಯಾಂಪಲ್, ಹಿಡಿದ ಹೊತ್ತು, ಪಿಎಚ್, ಹರಿವು, ಯಂತ್ರದ ಕನಿಷ್ಠ ಮಟ್ಟ ಇಷ್ಟನ್ನೂ ಲಗತ್ತಿಸಿ. ಜೋಡಿ ಸ್ಯಾಂಪಲ್ ಅಂದರೆ ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದು ಹಿಡಿದ ಎರಡು ಬಾಟಲಿ. ಅವುಗಳ ನಡುವೆ ಶೇಕಡಾ 20ಕ್ಕಿಂತ ಜಾಸ್ತಿ ಅಂತರ ಇದ್ದರೆ ದೂರು ಸದ್ಯಕ್ಕೆ ತಡೆಯಿರಿ. ಪ್ರತಿ ಜಾಗದಲ್ಲಿ ಮೂರನೆಯ ಬಾಟಲಿಯನ್ನೂ ತುಂಬಿ, ಆಮ್ಲ ಹಾಕಿ, ಮುಚ್ಚಳಕ್ಕೆ ಸಹಿ ಮಾಡಿದ ಚೀಟಿ ಅಂಟಿಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ನಿಮ್ಮ ಅಂಕಿಯನ್ನು ಯಾರಾದರೂ ಒಪ್ಪದಿದ್ದರೆ ಆರು ತಿಂಗಳೊಳಗೆ (ಪಾದರಸಕ್ಕಾದರೆ 28 ದಿನದೊಳಗೆ) ಅದನ್ನು ಇಬ್ಬರೂ ಒಪ್ಪುವ ಇನ್ನೊಂದು ಲ್ಯಾಬಿಗೆ ಕಳಿಸಬಹುದು.